ಕೈಯಿಂದ ಕೈಗೆ ಬಂದ ಬಳ್ಳಿ: ಮನಿ ಪ್ಲಾಂಟಿನ ಆರೈಕೆ

ನಮ್ಮ ಹಿರಿಯರ ಕಾಲದ ಮನೆಗಳಲ್ಲಿ ಹಸಿರಿಗೆಂದೇ ಹಿತ್ತಲೆಂಬ ಸ್ಥಳವಿರುತ್ತಿತ್ತು. ಬಚ್ಚಲ ನೀರು ಹರಿಯುವೆಡೆಯಲ್ಲಿ ಎರಡು ಬಾಳೆ, ಬೇಲಿಗೆ ಹಬ್ಬಿದ ತೊಂಡೆಯ ಬಳ್ಳಿ, ಪೂಜೆಗೆ ಕಣಗಿಲೆ ಹಾಗೂ ಮಲ್ಲಿಗೆ, ಸ್ಥಳವಿದ್ದವರಲ್ಲಿ ಒಂದು ಬಿಲ್ವದ ಮರ. ಇಂದು ಬಹುಪಾಲು ಕುಟುಂಬಗಳಿಗೆ ಆ ಭಾಗ್ಯವಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಮೂರನೆಯ ಅಂತಸ್ತಿನ ಫ್ಲ್ಯಾಟಿನಲ್ಲಿ ವಾಸಿಸುವ ಗೃಹಿಣಿಗೆ ಹಸಿರೆಂದರೆ ಕಿಟಕಿಯ ಬದಿಯ ಒಂದೆರಡು ಕುಂಡಗಳು ಮಾತ್ರ. ಅಂತಹ ಮನೆಗಳಲ್ಲಿಯೂ ತಪ್ಪದೆ ಕಾಣಸಿಗುವ ಸಸ್ಯವೊಂದಿದೆ. ಟೀವಿಯ ಮೇಲೊಂದು ಗಾಜಿನ ಬಾಟಲಿಯಲ್ಲಿ, ವರಾಂಡದ ಸರಳಿಗೆ ಕಟ್ಟಿದ ಡಬ್ಬಿಯಲ್ಲಿ, ಮೆಟ್ಟಿಲ ಪಕ್ಕದ ಕುಂಡದಲ್ಲಿ ಅದು ಬೆಳೆಯುತ್ತಿರುತ್ತದೆ. ಅದೇ ಮನಿ ಪ್ಲಾಂಟ್.

ಇಷ್ಟೊಂದು ಮನೆಗಳನ್ನು ಸೇರಿಕೊಂಡ ಈ ಬಳ್ಳಿಯ ಬಗ್ಗೆ ನಮಗೆ ತಿಳಿದಿರುವುದು ಮಾತ್ರ ಅತ್ಯಲ್ಪ. ಬಾಟಲಿಯಲ್ಲಿ ನೀರು ಹಾಕಿ ತುಂಡೊಂದನ್ನು ಇಳಿಬಿಟ್ಟರೆ ಸಾಕು, ಅದು ತಾನಾಗಿ ಬದುಕಿಕೊಳ್ಳುತ್ತದೆ ಎಂಬುದೇ ಸಾಮಾನ್ಯ ತಿಳಿವಳಿಕೆ. ನಾವೂ ಹಲವು ವರ್ಷ ಹಾಗೆಯೇ ತಿಳಿದಿದ್ದೆವು. ಆ ತಿಳಿವಳಿಕೆಯಿಂದ ಒಮ್ಮೆ ತಲೆತಗ್ಗಿಸಬೇಕಾಗಿ ಬಂದ ಮೇಲೆಯೇ ಈ ಸಸ್ಯವನ್ನು ಅರಿಯುವ ಮನಸ್ಸಾಯಿತು. ಅರಿತದ್ದನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮುರಿದು ತಂದ ತುಂಡು

ಧಾರವಾಡದ ಈಗಿನ ಮನೆಗೆ ನಾವು ಬಂದ ಹೊಸತು. ನೆರೆಮನೆಯ ಹಿರಿಯಕ್ಕನವರ ವರಾಂಡದಲ್ಲಿ ಹಳದಿ ಗೆರೆಗಳ ಹಸಿರೆಲೆಯ ಬಳ್ಳಿಯೊಂದು ಬಾಗಿಲ ಚೌಕಟ್ಟಿನ ಉದ್ದಕ್ಕೂ ಹಬ್ಬಿತ್ತು. ಒಂದು ತುಂಡು ಕೊಡಿರೆಂದು ಕೇಳಿದಾಗ ಅವರು ಗಾಬರಿಯಾದರು. "ಕೇಳಿ ಒಯ್ದರ ಹತ್ತೂದಿಲ್ಲ ತಂಗಿ. ಇದು ಕದ್ದು ಒಯ್ದರನ ಮನಿಗೆ ಲಕ್ಷ್ಮಿ ಬರತಾಳ. ನಾ ಒಳಗ ಹೋಗಿ ಚಾ ಮಾಡತೀನಿ. ಅಷ್ಟರಾಗ ನೀ ಒಂದು ತುಂಡು ಮುರಕೊಂಡು ಚೀಲದಾಗ ಇಟ್ಕೋ" ಎಂದು ನಮಗೆ ಬೆನ್ನು ಮಾಡಿ ಒಳಗೆ ನಡೆದರು. ಒಡತಿಯೇ ಏರ್ಪಡಿಸಿಕೊಟ್ಟ ಆ ಕಳವನ್ನು ನೆನೆದು ಎರಡೂ ಮನೆಯವರು ಅನೇಕ ಬಾರಿ ನಕ್ಕಿದ್ದೇವೆ.

ಮುರಿದು ತಂದ ತುಂಡನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿಟ್ಟು ಪಡಸಾಲೆಯ ಕಿಟಕಿಯಲ್ಲಿ ಕೂರಿಸಿದೆವು. ಹದಿನೈದು ದಿನಗಳಲ್ಲಿ ಬಿಳಿಯ ಬೇರುಗಳು ಮೂಡಿದವು. ನೀರು ಕಡಿಮೆಯಾದಂತೆ ಮೇಲಿಂದ ಮೇಲೆ ಸುರಿಯುತ್ತಿದ್ದೆವು. ಹಳೆಯ ನೀರನ್ನು ಚೆಲ್ಲಿ ಬಾಟಲಿ ತೊಳೆಯಬೇಕೆಂಬ ವಿಚಾರ ಒಮ್ಮೆಯೂ ಸುಳಿಯಲಿಲ್ಲ. ಬಾಟಲಿಯ ಒಳಬದಿಗೆ ಪಾಚಿ ಕಟ್ಟಿದ್ದನ್ನು ಕಂಡು, ಅದೂ ಹಸಿರೇ ಅಲ್ಲವೇ ಎಂದುಕೊಂಡೆವು.

2024ರ ಮಳೆಗಾಲದಲ್ಲಿ ಹಿರಿಯಕ್ಕನವರ ಎಂಟು ವರ್ಷದ ಮೊಮ್ಮಗಳಿಗೆ ಜ್ವರ ಬಂತು. ಮೂರನೆಯ ದಿನ ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ಮಗುವನ್ನು ಆಸ್ಪತ್ರೆಗೆ ಸೇರಿಸಿದ ಮರುದಿನವೇ ಆಶಾ ಕಾರ್ಯಕರ್ತೆಯೊಬ್ಬರು ಓಣಿಯ ಮನೆಮನೆಯನ್ನೂ ಪರಿಶೀಲಿಸಲು ಬಂದರು. ನಮ್ಮ ಹಿತ್ತಲಿನ ಬ್ಯಾರಲ್ಲು, ಕೂಲರು, ತೆಂಗಿನ ಚಿಪ್ಪು ಎಲ್ಲವನ್ನೂ ನೋಡಿ, ಏನೂ ಇಲ್ಲವೆಂದು ಹೊರಟವರು ಪಡಸಾಲೆಯ ಕಿಟಕಿಯ ಮುಂದೆ ನಿಂತರು.

"ಅಕ್ಕಾರ, ಈ ಬಾಟ್ಲಿ ನೀರು ಯಾವಾಗ ಚೆಲ್ಲೀರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಇಲ್ಲಿ ನೋಡ್ರಿ, ಗುಂಗಾಡದ ಮರಿ ಹೆಂಗ ಕುಣಿಯಾಕತ್ತಾವ." ಬೇರುಗಳ ನಡುವೆ ಕೂದಲೆಳೆಯಂತಹ ಹುಳುಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು.

ಆ ಮಗುವಿಗೆ ಕಚ್ಚಿದ ಸೊಳ್ಳೆ ನಮ್ಮ ಬಾಟಲಿಯಲ್ಲಿಯೇ ಹುಟ್ಟಿತ್ತೆಂದು ಯಾರೂ ಹೇಳಲಾರರು. ಹುಟ್ಟಿರಲಿಲ್ಲವೆಂದು ನಾವೂ ಹೇಳಲಾರೆವು. ಐದು ದಿನಗಳ ನಂತರ ಮಗು ಗುಣಮುಖಳಾಗಿ ಮನೆಗೆ ಬಂದಾಗ ನಾವು ಹಿರಿಯಕ್ಕನವರ ಬಳಿ ಹೋಗಿ ನಡೆದುದನ್ನು ಮುಚ್ಚಿಡದೆ ಹೇಳಿದೆವು. ಬೈಯುವರೆಂದು ಭಾವಿಸಿದ್ದೆವು. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, "ನಮ್ಮ ಮನ್ಯಾಗೂ ಎರಡು ಬಾಟ್ಲಿ ಅದಾವ ತಂಗಿ. ಬಾ, ಮೊದಲ ಅವನ್ನ ಚೆಲ್ಲೂಣು" ಎಂದರು.

ನಿಂತ ನೀರಿನ ಅಪಾಯ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳೆನೀರಿಗಿಂತ ಮನೆಯೊಳಗಿನ, ಮನೆಯ ಸುತ್ತಲಿನ ಸ್ವಚ್ಛವಾದ ನಿಂತ ನೀರನ್ನೇ ಹೆಚ್ಚಾಗಿ ಆಶ್ರಯಿಸುತ್ತದೆ. ಅದು ಕಚ್ಚುವುದು ಮುಖ್ಯವಾಗಿ ಹಗಲಿನಲ್ಲಿ. ಅದು ಮೊಟ್ಟೆಯಿಡುವುದು ನೀರಿನ ಮಟ್ಟದ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿದಂತೆ. ಆ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಕೆಡದೆ ಉಳಿದು, ನೀರು ತಾಗಿದೊಡನೆ ಒಡೆಯುತ್ತವೆ. ಮೊಟ್ಟೆಯೊಡೆದು ರೆಕ್ಕೆಯ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನಗಳು ಸಾಕು. ನೀರು ಇಳಿದಾಗಲೆಲ್ಲ ಮೇಲಿಂದ ಸುರಿಯುತ್ತಿದ್ದ ನಾವು, ಗೋಡೆಗಂಟಿದ ಮೊಟ್ಟೆಗಳಿಗೆ ನಮ್ಮ ಕೈಯಾರೆ ನೀರು ತಾಗಿಸುತ್ತಿದ್ದೆವೆಂಬುದು ಆಗ ಅರಿವಾಯಿತು.

ಆದುದರಿಂದ ನೀರಿನಲ್ಲಿ ಈ ಬಳ್ಳಿಯನ್ನು ಬೆಳೆಸುವವರು ವಾರಕ್ಕೊಂದು ದಿನವನ್ನು ಗೊತ್ತುಪಡಿಸಿಕೊಂಡು, ಬಳ್ಳಿಯನ್ನು ಹೊರತೆಗೆದು, ನೀರನ್ನು ಪೂರ್ಣವಾಗಿ ಚೆಲ್ಲಿ, ಬಾಟಲಿಯ ಒಳಬದಿಯನ್ನು ಬ್ರಶ್ಶಿನಿಂದ ಉಜ್ಜಿ, ಬೇರುಗಳನ್ನು ನಲ್ಲಿಯ ನೀರಿನಲ್ಲಿ ತೊಳೆದು ಮತ್ತೆ ಇಡಬೇಕು. ಬಾಟಲಿಯ ಬಾಯಿಗೆ ಬಳ್ಳಿಯ ಸುತ್ತ ಹತ್ತಿಯನ್ನೋ ಬಟ್ಟೆಯನ್ನೋ ತುರುಕಿದರೆ ಮತ್ತೂ ಒಳಿತು. ಕುಂಡದ ಕೆಳಗಿಡುವ ತಟ್ಟೆಯಲ್ಲಿ ನಿಲ್ಲುವ ನೀರಿಗೂ ಇದೇ ನಿಯಮ. ನಮ್ಮ ರಾಜ್ಯ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಗಳ ಉತ್ಪತ್ತಿಗೆ ಅವಕಾಶ ನೀಡುವವರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿತು. ದಂಡದ ಭಯಕ್ಕಿಂತ ನೆರೆಮನೆಯ ಮಗುವಿನ ನೆನಪು ನಮಗೆ ಹೆಚ್ಚಿನ ಎಚ್ಚರಿಕೆಯಾಯಿತು.

ಬಳ್ಳಿಯ ತವರು

ಈ ಘಟನೆಯ ನಂತರ ಬಾಟಲಿಯ ಬಳ್ಳಿಯನ್ನು ಎಸೆದುಬಿಡುವ ವಿಚಾರವೂ ಬಂತು. ಆದರೆ ತಪ್ಪು ಬಳ್ಳಿಯದಾಗಿರಲಿಲ್ಲ. ಅದನ್ನು ಮಣ್ಣಿನ ಕುಂಡಕ್ಕೆ ಬದಲಾಯಿಸಿ, ಅದರ ಮೂಲವೇನೆಂದು ತಿಳಿಯತೊಡಗಿದೆವು.

ಮನಿ ಪ್ಲಾಂಟಿನ ಸಸ್ಯಶಾಸ್ತ್ರೀಯ ನಾಮ ಎಪಿಪ್ರೆಮ್ನಮ್ ಆರಿಯಮ್. ಗ್ರೀಕ್ ಭಾಷೆಯಲ್ಲಿ ಎಪಿ ಎಂದರೆ ಮೇಲೆ, ಪ್ರೆಮ್ನನ್ ಎಂದರೆ ಮರದ ಕಾಂಡ. ಆರಿಯಮ್ ಎಂಬುದು ಲ್ಯಾಟಿನ್ನಿನಲ್ಲಿ ಹೊನ್ನಿನ ಬಣ್ಣವನ್ನು ಸೂಚಿಸುತ್ತದೆ. ಮರದ ಕಾಂಡವನ್ನೇರುವ ಹೊನ್ನಿನ ಬಳ್ಳಿ ಎಂಬಷ್ಟು ಅರ್ಥ ಆ ಹೆಸರಿನಲ್ಲಿಯೇ ಇದೆ. ಶಾಂತಸಾಗರದ ನಡುವೆ, ಟಹೀಟಿ ದ್ವೀಪದ ಸಮೀಪವಿರುವ ಮೊರೆಯಾ ಎಂಬ ಪುಟ್ಟ ದ್ವೀಪ ಇದರ ತವರು. ಅಲ್ಲಿಂದ ಹೊರಟು ಈಗ ಇದು ಉಷ್ಣವಲಯದ ಬಹುತೇಕ ದೇಶಗಳನ್ನು ಸೇರಿದೆ.

ವಿದ್ವಾಂಸರು 1880ರಲ್ಲಿ ಇದನ್ನು ಮೊದಲ ಬಾರಿಗೆ ವಿವರಿಸಿ ಪೋಥೋಸ್ ಎಂಬ ಕುಲಕ್ಕೆ ಸೇರಿಸಿದರು. ಅದಕ್ಕಾಗಿಯೇ ಇಂದಿಗೂ ನರ್ಸರಿಗಳಲ್ಲಿ ಪೋಥೋಸ್ ಎಂಬ ಹೆಸರು ಬಳಕೆಯಲ್ಲಿದೆ. ಸಸ್ಯದ ಕುಲವನ್ನು ನಿರ್ಧರಿಸಲು ಹೂವನ್ನು ನೋಡಬೇಕು. ಈ ಬಳ್ಳಿಯೋ ಹೂ ಬಿಡುವುದೇ ಅಪರೂಪ. ಹಲವು ದಶಕಗಳ ನಂತರ ಹೂ ದೊರೆತು, 1964ರಲ್ಲಿ ಇದಕ್ಕೆ ಈಗಿನ ಹೆಸರು ನಿಂತಿತು. ಹೂ ಏಕಿಲ್ಲವೆಂಬುದಕ್ಕೆ ಉತ್ತರ ದೊರೆತದ್ದು ಇತ್ತೀಚೆಗೆ. ಹೂ ಬಿಡಲು ಪ್ರೇರಣೆ ನೀಡುವ ಜಿಬ್ಬೆರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನು ಈ ಬಳ್ಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಆ ಹಾರ್ಮೋನನ್ನು ಹೊರಗಿನಿಂದ ಸಿಂಪಡಿಸಿದಾಗ ಬಳ್ಳಿ ಹೂಬಿಟ್ಟಿತು.

ಹೂವಿಲ್ಲವೆಂದ ಮೇಲೆ ಬೀಜವೂ ಇಲ್ಲ. ನಮ್ಮ ನಿಮ್ಮ ಮನೆಗಳ ಮನಿ ಪ್ಲಾಂಟುಗಳೆಲ್ಲ ಯಾರೋ ಒಬ್ಬರು ತಮ್ಮ ಬಳ್ಳಿಯಿಂದ ತುಂಡು ಕತ್ತರಿಸಿ ಇನ್ನೊಬ್ಬರಿಗೆ ಕೊಟ್ಟುದರಿಂದಲೇ ಬೆಳೆದು ಬಂದವು. ದೂರದ ದ್ವೀಪದ ಸಸ್ಯವೊಂದು ಧಾರವಾಡದ ಓಣಿಯವರೆಗೆ ತಲುಪಿದ್ದು ಹೀಗೆ ಕೈಯಿಂದ ಕೈಗೆ ದಾಟಿಯೇ.

ಹಬ್ಬುವುದಕ್ಕೊಂದು ಆಸರೆ

ಕುಂಡಕ್ಕೆ ಬಂದ ಬಳ್ಳಿಯನ್ನು ನಾವು ಎತ್ತರದ ಕಪಾಟಿನ ಮೇಲಿಟ್ಟು ಕೆಳಗೆ ಜೋತುಬಿಟ್ಟಿದ್ದೆವು. ಉದ್ದ ಬೆಳೆಯಿತಾದರೂ ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದ್ದವು. ಸವಣೂರಿನ ಕಡೆ ಎಲೆತೋಟ ಮಾಡಿ ಜೀವನ ಸಾಗಿಸಿದ ನಮ್ಮ ಸೋದರಮಾವ ಒಮ್ಮೆ ಮನೆಗೆ ಬಂದವರು ಅದನ್ನು ದಿಟ್ಟಿಸಿ ನೋಡಿದರು. "ಯವ್ವಾ, ಇದನ್ನ ಹಿಂಗ ಜೋತು ಬಿಟ್ಟರ ಎಲಿ ಹೆಂಗ ದೊಡ್ಡದಾಗಬೇಕು? ಬಳ್ಳಿಗೆ ಹಿಡಕೊಳ್ಳಾಕ ಏನರ ಕೊಡು" ಎಂದರು.

ವೀಳ್ಯದೆಲೆಯ ಬಳ್ಳಿಗೂ ಮನಿ ಪ್ಲಾಂಟಿಗೂ ರಕ್ತಸಂಬಂಧವಿಲ್ಲ. ವೀಳ್ಯದೆಲೆಯು ಮೆಣಸಿನ ಬಳ್ಳಿಯ ಕುಟುಂಬದ್ದು. ಮನಿ ಪ್ಲಾಂಟು ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೆ ಸೇರಿದ್ದು. ಆದರೆ ಬಾಳುವ ರೀತಿ ಎರಡರದೂ ಒಂದೇ. ಎಲೆತೋಟದಲ್ಲಿ ನುಗ್ಗೆ, ಅಗಸೆ, ಹಾಲವಾಣದ ಗಿಡಗಳನ್ನು ಆಸರೆಯಾಗಿ ನೆಟ್ಟು ಬಳ್ಳಿಯನ್ನು ಹಬ್ಬಿಸುತ್ತಾರೆ. ಬಳ್ಳಿ ತನ್ನ ಗೆಣ್ಣುಗಳಿಂದ ಹೊರಟ ಪುಟ್ಟ ಬೇರುಗಳಿಂದ ಮರವನ್ನು ಅಪ್ಪಿಕೊಂಡು ಮೇಲೇರುತ್ತದೆ. ಮರ ಅದಕ್ಕೆ ಆಧಾರ ಮಾತ್ರ. ಬಳ್ಳಿ ಮರದ ರಸವನ್ನು ಹೀರುವುದಿಲ್ಲ.

ಮನಿ ಪ್ಲಾಂಟು ಸಹ ಅರಣ್ಯದಲ್ಲಿ ನೆಲದ ನೆರಳಿನಿಂದ ಹೊರಟು ಮರವನ್ನೇರಿ ಬೆಳಕನ್ನು ಅರಸುವ ಬಳ್ಳಿ. ಅನುಕೂಲ ದೊರೆತಲ್ಲಿ ಅದು 20 ಮೀಟರ್ ಎತ್ತರದವರೆಗೂ ಏರಬಲ್ಲದು. ಏರಿದಂತೆಲ್ಲ ಎಲೆ ಹಿಗ್ಗುತ್ತದೆ. ಅಂಗೈಯಗಲದ ಎಲೆ ಮೊರದಗಲವಾಗಿ, ಅಂಚು ಸೀಳಿಕೊಂಡು, ಒಂದು ಮೀಟರಿನವರೆಗೂ ಉದ್ದವಾಗುವುದುಂಟು. ದೊಡ್ಡ ಉದ್ಯಾನಗಳಲ್ಲಿ ಮಾವಿನ ಮರವನ್ನೋ ತಾಳೆಮರವನ್ನೋ ಏರಿದ ಅಂತಹ ಬಳ್ಳಿಯನ್ನು ಕಂಡರೆ ಅದು ನಮ್ಮ ಕಿಟಕಿಯ ಮನಿ ಪ್ಲಾಂಟೇ ಎಂದು ನಂಬುವುದು ಕಷ್ಟ. ಕೆಳಕ್ಕೆ ಜೋತುಬಿದ್ದ ಬಳ್ಳಿ ಎಷ್ಟು ವರ್ಷ ಕಳೆದರೂ ಬಾಲ್ಯದ ರೂಪದಲ್ಲಿಯೇ ಉಳಿಯುತ್ತದೆ.

ಮನೆಯಲ್ಲಿ ಈ ಆಸರೆಯನ್ನು ಒದಗಿಸುವುದು ಸುಲಭ. ಎರಡು ಮೂರು ಅಡಿಯ ಬಿದಿರಿನ ಅಥವಾ ಪೈಪಿನ ಕೋಲಿಗೆ ತೆಂಗಿನ ನಾರನ್ನು ದಟ್ಟವಾಗಿ ಸುತ್ತಿ ಹಗ್ಗದಿಂದ ಬಿಗಿಯಬೇಕು. ಕುಂಡದ ತಳ ಮುಟ್ಟುವಂತೆ ಅದನ್ನು ನಡುವೆ ನಿಲ್ಲಿಸಿ, ಸುತ್ತ ಮಣ್ಣು ತುಂಬಿ, ಬಳ್ಳಿಯ ಗೆಣ್ಣುಗಳು ನಾರಿಗೆ ತಾಗುವಂತೆ ಸಡಿಲವಾಗಿ ಕಟ್ಟಬೇಕು. ಕಟ್ಟಲು ಒಣಗಿದ ಬಾಳೆಪಟ್ಟೆಯ ನಾರು ಉತ್ತಮ. ಪ್ಲಾಸ್ಟಿಕ್ ದಾರ ಎಳೆಯ ಕಾಂಡವನ್ನು ಕೊಯ್ಯುತ್ತದೆ. ಮುಖ್ಯವಾದ ಸಂಗತಿಯೆಂದರೆ, ಆ ನಾರು ಸದಾ ತುಸು ತೇವವಾಗಿರಬೇಕು. ನಾರು ಒಣಗಿದ್ದರೆ ಗಾಳಿಬೇರುಗಳು ಅದನ್ನು ಹಿಡಿಯುವುದಿಲ್ಲ. ಎರಡು ದಿನಕ್ಕೊಮ್ಮೆ ಕೋಲಿನ ಮೇಲಿಂದ ಅರ್ಧ ಲೋಟ ನೀರನ್ನು ನಿಧಾನವಾಗಿ ಇಳಿಬಿಟ್ಟರೆ ಸಾಕು.

ಬಳ್ಳಿ ಕೋಲಿನ ತುದಿಯನ್ನು ಮುಟ್ಟಿದ ಮೇಲೆ ಎಲೆತೋಟದವರು ಮಾಡುವಂತೆಯೇ ಅದನ್ನು ಕೆಳಗಿಳಿಸಬಹುದು. ತುದಿಯ ಭಾಗವನ್ನು ಎರಡು ಮೂರು ಗೆಣ್ಣುಗಳೊಡನೆ ಕತ್ತರಿಸಿ ಅದೇ ಕುಂಡದಲ್ಲಿ ನೆಟ್ಟರೆ ಬುಡ ತುಂಬಿಕೊಳ್ಳುತ್ತದೆ. ಕತ್ತರಿಸಿದ ಹಳೆಯ ಬಳ್ಳಿಯಲ್ಲಿಯೂ ಹೊಸ ಕುಡಿ ಒಡೆಯುತ್ತದೆ.

ಬೆಳಕು, ನೀರು, ಮಣ್ಣು

ತವರನ್ನು ನೆನಪಿನಲ್ಲಿಟ್ಟರೆ ಉಳಿದ ಆರೈಕೆ ತಾನಾಗಿಯೇ ತಿಳಿಯುತ್ತದೆ. ದೊಡ್ಡ ಮರಗಳ ಕೆಳಗೆ, ಎಲೆಗಳಿಂದ ಸೋಸಿ ಬಂದ ಬೆಳಕಿನಲ್ಲಿ ಬಾಳಿದ ಸಸ್ಯಕ್ಕೆ ಮಧ್ಯಾಹ್ನದ ನೇರ ಬಿಸಿಲು ಸಲ್ಲದು. ಎಲೆಯ ಮೇಲೆ ಸುಟ್ಟ ಕಂದು ಕಲೆಗಳು ಮೂಡುತ್ತವೆ. ಹಾಗೆಂದು ಕತ್ತಲೆಯ ಮೂಲೆಯಲ್ಲಿಟ್ಟರೆ ಸಾಯದಿದ್ದರೂ ಸೊರಗುತ್ತದೆ. ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಎಲೆ ಚಿಕ್ಕದಾಗುತ್ತದೆ, ಹಳದಿ ಗೆರೆಗಳು ಮಾಯವಾಗುತ್ತವೆ. ಎಲೆಯ ಹಳದಿ ಹಾಗೂ ಬಿಳಿಯ ಭಾಗಗಳಲ್ಲಿ ಆಹಾರ ತಯಾರಿಸುವ ಹರಿತ್ತು ಕಡಿಮೆ. ಬೆಳಕು ಸಾಲದಾದಾಗ ಬಳ್ಳಿ ಹಸಿರು ಭಾಗವನ್ನೇ ಹೆಚ್ಚಿಸಿಕೊಳ್ಳುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿ ಅಥವಾ ಬೆಳಕು ಧಾರಾಳವಾಗಿರುವ ವರಾಂಡ ಇದಕ್ಕೆ ಪ್ರಶಸ್ತ.

ಮನಿ ಪ್ಲಾಂಟುಗಳು ನೀರಿಲ್ಲದೆ ಸಾಯುವುದಕ್ಕಿಂತ ಅತಿಯಾದ ನೀರಿನಿಂದ ಸಾಯುವುದೇ ಹೆಚ್ಚು. ದಿನವೂ ಪೂಜೆಯ ನಂತರ ತಪ್ಪದೆ ಒಂದು ತಂಬಿಗೆ ನೀರು ಸುರಿಯುವ ತಾಯಂದಿರ ಪ್ರೀತಿ ಈ ಬಳ್ಳಿಗೆ ಹೊರೆಯಾಗುತ್ತದೆ. ಬೆರಳನ್ನು ಮಣ್ಣಿನಲ್ಲಿ ಒಂದಂಗುಲ ಇಳಿಸಿ ನೋಡಬೇಕು. ಒಣಗಿದೆ ಎನಿಸಿದರೆ ಮಾತ್ರ, ತಳದ ರಂಧ್ರದಿಂದ ನೀರು ಹೊರಬರುವವರೆಗೆ ಹಾಕಬೇಕು. ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ ಬೇಕಾದೀತು, ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಸಾಕಾದೀತು. ಕೆಳಗಿನ ಎಲೆಗಳು ಒಂದರ ಹಿಂದೊಂದು ಹಳದಿಯಾಗಿ, ಮಣ್ಣು ಹಸಿಯಾಗಿದ್ದರೆ ಬೇರು ಕೊಳೆಯುತ್ತಿದೆಯೆಂದು ತಿಳಿಯಬೇಕು. ಎಲೆಗಳು ಬಾಡಿ ಜೋತು, ಮಣ್ಣು ಒಣಗಿದ್ದರೆ ಅದು ಬಾಯಾರಿಕೆ. ನೀರುಣಿಸಿದರೆ ಕೆಲವು ಗಂಟೆಗಳಲ್ಲಿ ಚೇತರಿಸುತ್ತದೆ. ಬೆಳಗಿನ ಹೊತ್ತು ಎಲೆಯ ತುದಿಯಲ್ಲಿ ಹನಿಯೊಂದು ತೂಗುವುದನ್ನು ಕಂಡು ಹಲವರು ಚಿಂತಿಸುವುದುಂಟು. ಬೇರು ಹೀರಿದ ಹೆಚ್ಚಿನ ನೀರನ್ನು ಎಲೆ ರಾತ್ರಿ ಹೊರಹಾಕುವ ಕ್ರಮವದು, ರೋಗವಲ್ಲ.

ಮಣ್ಣು ಸಡಿಲವಾಗಿರಬೇಕು. ನಮ್ಮ ಧಾರವಾಡದ ಸುತ್ತಲಿನ ಎರೆಮಣ್ಣು ಬೆಳೆಗೆ ಚಿನ್ನವಾದರೂ ಕುಂಡಕ್ಕೆ ಒಗ್ಗದು. ನೀರು ಕುಡಿದು ಅಂಟಾಗಿ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ತೆಂಗಿನ ನಾರಿನ ಪುಡಿ ಇವು ಮೂರನ್ನೂ ಸಮಭಾಗ ಬೆರೆಸಿ, ಒಂದೆರಡು ಹಿಡಿ ಮರಳು ಸೇರಿಸಿದರೆ ಉತ್ತಮ ಮಿಶ್ರಣವಾಗುತ್ತದೆ. ಕುಂಡದ ತಳಕ್ಕೆ ರಂಧ್ರವಿರಲೇಬೇಕು. ಗೊಬ್ಬರದ ವಿಷಯದಲ್ಲಿ ಈ ಬಳ್ಳಿ ಅಲ್ಪತೃಪ್ತ. ಮಳೆಗಾಲದಲ್ಲಿ ಹಾಗೂ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಚಳಿಗಾಲದಲ್ಲಿ ಬೆಳವಣಿಗೆ ಮಂದವಾಗುವುದರಿಂದ ಗೊಬ್ಬರ ಬೇಡ. ಒಂದೆರಡು ವರ್ಷಕ್ಕೊಮ್ಮೆ, ಬೇರುಗಳು ತಳದಿಂದ ಇಣುಕತೊಡಗಿದಾಗ, ತುಸು ದೊಡ್ಡ ಕುಂಡಕ್ಕೆ ಬದಲಾಯಿಸಬೇಕು.

ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಗಳ ಧೂಳನ್ನು ಒರೆಸುವುದು ಒಳ್ಳೆಯ ಅಭ್ಯಾಸ. ಹೊಳಪಿಗಾಗಿ ಕೊಬ್ಬರಿ ಎಣ್ಣೆ ಹಚ್ಚುವುದು ತಪ್ಪು. ಎಣ್ಣೆ ಎಲೆಯ ಉಸಿರಾಟದ ರಂಧ್ರಗಳನ್ನು ಮುಚ್ಚಿ ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ಒರೆಸುವಾಗ ಎಲೆಯ ಹಿಂಬದಿಯನ್ನೂ ನೋಡಿದರೆ ಹಿಟ್ಟುತಿಗಣೆ ಮೊದಲ ಹಂತದಲ್ಲಿಯೇ ಸಿಕ್ಕಿಬೀಳುತ್ತದೆ. ಹತ್ತಿಯ ತುಣುಕಿನಂತೆ ಗೆಣ್ಣಿನ ಸಂದಿಯಲ್ಲಿ ಕುಳಿತ ಅದನ್ನು ಒರೆಸಿ ತೆಗೆದು, ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ ಹಾಗೂ ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಸಂಜೆಯ ಹೊತ್ತು ವಾರಕ್ಕೊಮ್ಮೆಯಂತೆ ಮೂರು ಬಾರಿ ಸಿಂಪಡಿಸಬೇಕು.

ಹೊಸ ಬಳ್ಳಿ ಮಾಡುವ ಬಗೆ

ತುಂಡು ಕತ್ತರಿಸುವಾಗ ಒಂದು ಸಂಗತಿಯನ್ನು ಮರೆಯಬಾರದು. ಬೇರು ಹಾಗೂ ಕುಡಿ ಎರಡೂ ಹೊರಡುವುದು ಗೆಣ್ಣಿನಿಂದ. ಗೆಣ್ಣಿಲ್ಲದೆ ಎಲೆ ಮತ್ತು ತೊಟ್ಟನ್ನಷ್ಟೇ ನೀರಿನಲ್ಲಿಟ್ಟರೆ ಅದು ಹಸಿರಾಗಿ ಉಳಿದೀತೇ ಹೊರತು ಬಳ್ಳಿಯಾಗದು. ಎರಡು ಮೂರು ಗೆಣ್ಣುಗಳಿರುವ ಒಂದು ಗೇಣಿನ ತುಂಡನ್ನು, ಕೆಳಗಿನ ಗೆಣ್ಣಿಗಿಂತ ಅರ್ಧ ಅಂಗುಲ ಕೆಳಗೆ, ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಕೆಳಗಿನ ಎಲೆಯನ್ನು ತೆಗೆದು ಆ ಗೆಣ್ಣು ಮಣ್ಣಿನಲ್ಲಿ ಹುದುಗುವಂತೆ ನೆಟ್ಟು, ಎರಡು ಮೂರು ವಾರ ನೆರಳಿನಲ್ಲಿಟ್ಟರೆ ಬೇರು ಹಿಡಿಯುತ್ತದೆ. ನೀರಿನಲ್ಲಿಯೇ ಬೇರು ಬರಿಸುವವರು ಅದು ಎರಡಂಗುಲ ಬೆಳೆದೊಡನೆ ಮಣ್ಣಿಗೆ ಬದಲಾಯಿಸುವುದು ಮೇಲು.

ಎಚ್ಚರಿಕೆಯ ಮಾತು

ಕೆಸುವಿನೆಲೆ, ಸುವರ್ಣಗಡ್ಡೆಗಳನ್ನು ಹುಣಸೆಹುಳಿಯಿಲ್ಲದೆ ಬೇಯಿಸಿದರೆ ಗಂಟಲು ತುರಿಸುವುದು ನಮ್ಮ ಗೃಹಿಣಿಯರಿಗೆ ತಿಳಿದ ವಿಷಯ. ಅವುಗಳಲ್ಲಿರುವ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಅದಕ್ಕೆ ಕಾರಣ. ಅದೇ ಕುಟುಂಬದ ಮನಿ ಪ್ಲಾಂಟಿನ ಎಲೆ ಹಾಗೂ ಕಾಂಡದಲ್ಲಿಯೂ ಆ ಹರಳುಗಳಿವೆ. ಅಂಬೆಗಾಲಿಡುವ ಮಗು ಎಲೆಯನ್ನು ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ಕೂಡಲೇ ಬಾಯಿಯೊಳಗಿನ ಚೂರುಗಳನ್ನು ಒರೆಸಿ ತೆಗೆದು, ನೀರಿನಿಂದ ತೊಳೆದು, ತಣ್ಣನೆಯ ಹಾಲನ್ನೋ ನೀರನ್ನೋ ಗುಟುಕರಿಸಬೇಕು. ಊತ ಹೆಚ್ಚಿದರೆ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಹೃದಯಾಕಾರದ ಈ ಎಲೆ ನೋಡಲು ವೀಳ್ಯದೆಲೆಯನ್ನು ಹೋಲುವುದರಿಂದ ಕಣ್ಣು ಮಂಜಾದ ವೃದ್ಧರಿರುವ ಮನೆಗಳಲ್ಲಿಯೂ ಜಾಗ್ರತೆ ಅಗತ್ಯ.

ಕತ್ತರಿಸಿದ ಬಳ್ಳಿಯನ್ನು ಕಾಯಿಪಲ್ಯದ ಸಿಪ್ಪೆಯೊಡನೆ ಸೇರಿಸಿ ದನಕರುಗಳಿಗೆ ಹಾಕುವುದೂ, ಹಳ್ಳದ ದಂಡೆಗೋ ಕಾಡಂಚಿಗೋ ಎಸೆಯುವುದೂ ಸರಿಯಲ್ಲ. ಶ್ರೀಲಂಕಾ, ಹವಾಯಿ ಮೊದಲಾದೆಡೆ ಹೀಗೆ ಹೊರಬಿದ್ದ ಬಳ್ಳಿ ಅರಣ್ಯವನ್ನು ಹೊಕ್ಕು, ಮರಗಳನ್ನು ಮುಚ್ಚಿ ಅಲ್ಲಿನ ಸಸ್ಯಗಳಿಗೆ ಕಂಟಕವಾಗಿದೆ. ಬೀಜವಿಲ್ಲದಿದ್ದರೂ ಒಂದು ಗೆಣ್ಣು ನೆಲ ತಾಗಿದರೆ ಅದಕ್ಕೆ ಸಾಕು.

ಹಣ ಮತ್ತು ಗಾಳಿ

ಈ ಬಳ್ಳಿಯ ಬಗ್ಗೆ ಹಬ್ಬಿರುವ ಎರಡು ನಂಬಿಕೆಗಳನ್ನು ಪ್ರಸ್ತಾಪಿಸದೆ ಲೇಖನ ಪೂರ್ಣವಾಗದು. ಮನೆಯ ಗಾಳಿಯನ್ನು ಇದು ಶುದ್ಧಗೊಳಿಸುತ್ತದೆ ಎಂಬುದು ಒಂದು. ಇದಕ್ಕೆ ಮೂಲ, ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಅದರಲ್ಲಿ ಈ ಬಳ್ಳಿಯೂ ಇತ್ತು. ಆದರೆ ಆ ಪರೀಕ್ಷೆಗಳು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂತಹ ಅನೇಕ ಪ್ರಯೋಗಗಳನ್ನು 2019ರಲ್ಲಿ ಮತ್ತೆ ಲೆಕ್ಕಹಾಕಿದ ಸಂಶೋಧಕರು, ಸಾಮಾನ್ಯ ಕಟ್ಟಡದಲ್ಲಿ ಗಾಳಿಯ ಸಂಚಾರದಿಂದ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಲು ಪ್ರತಿ ಚದರ ಮೀಟರಿಗೆ ಕನಿಷ್ಠ 10, ಕೆಲವೊಮ್ಮೆ 1000 ಗಿಡಗಳು ಬೇಕಾಗುತ್ತವೆಂದು ತೋರಿಸಿದರು. ಮನೆಯ ಗಾಳಿ ಶುದ್ಧವಾಗಬೇಕಾದರೆ ಕಿಟಕಿ ತೆರೆಯುವುದೇ ಸರಿಯಾದ ದಾರಿ.

ಇನ್ನೊಂದು, ಕದ್ದು ತಂದರೆ ಸಂಪತ್ತು ಬರುತ್ತದೆ ಎಂಬ ನಂಬಿಕೆ. ಕಳವನ್ನು ತೊರೆಯುವುದನ್ನೇ ಶುದ್ಧ ಬದುಕಿನ ಮೊದಲ ಹೆಜ್ಜೆಯೆಂದು ಬೋಧಿಸಿದ ಶರಣರ ನಾಡಿನಲ್ಲಿ ಇಂತಹ ಮಾತಿಗೆ ಸ್ಥಾನವಿರಬಾರದು. ಬೀಜವೇ ಇಲ್ಲದ ಈ ಬಳ್ಳಿ ಮನೆಯಿಂದ ಮನೆಗೆ ಬಂದದ್ದು ಒಬ್ಬರು ಇನ್ನೊಬ್ಬರಿಗೆ ಕೊಟ್ಟುದರಿಂದ. ಕೊಡುವವರು ಬೆನ್ನು ತಿರುಗಿಸಬೇಕಿಲ್ಲ. ಕೊಡುವಾಗ ಬಳ್ಳಿಯೊಡನೆ ಅದನ್ನು ನೋಡಿಕೊಳ್ಳುವ ಬಗೆಯನ್ನೂ ಹೇಳಿಕೊಡಬೇಕು. ನಾವು ಮುರಿದು ತಂದ ದಿನ ಹಾಗೆ ಹೇಳುವವರೂ ಇರಲಿಲ್ಲ, ಕೇಳುವ ಬುದ್ಧಿ ನಮಗೂ ಇರಲಿಲ್ಲ.

ನಮ್ಮ ಪಡಸಾಲೆಯ ಬಳ್ಳಿ ಈಗ ನಾರಿನ ಕೋಲನ್ನು ತುದಿಯವರೆಗೆ ಏರಿದೆ. ಎಲೆಗಳು ಅಂಗೈಯನ್ನು ಮೀರಿವೆ. ಕಳೆದ ಬಾರಿ ತುದಿ ಕತ್ತರಿಸಿದಾಗ ಒಂದು ತುಂಡನ್ನು ಪುಟ್ಟ ಕುಂಡದಲ್ಲಿ ಬೇರು ಬರಿಸಿ, ಹಿರಿಯಕ್ಕನವರ ಎದುರಿಗೇ ಅವರ ಮೊಮ್ಮಗಳ ಕೈಗಿತ್ತೆವು. ನೀರು ಯಾವಾಗ ಹಾಕಬೇಕು, ಕೆಳಗಿನ ತಟ್ಟೆಯನ್ನು ಯಾವಾಗ ತೊಳೆಯಬೇಕು ಎಂಬುದನ್ನು ಕುಳ್ಳಿರಿಸಿಕೊಂಡು ಹೇಳಿಕೊಟ್ಟೆವು. ಆಕೆ ಪ್ರತಿ ರವಿವಾರ ಬೆಳಿಗ್ಗೆ ತನ್ನ ಕುಂಡದ ತಟ್ಟೆಯನ್ನು ಉಜ್ಜಿ ಬೋರಲು ಹಾಕಿ, ಬಳಿಕ ನಮ್ಮ ಕಿಟಕಿಯ ಬಳಿ ಬಂದು, "ಆಂಟಿ, ನಿಮ್ದು ತೊಳದ್ರೇನು?" ಎಂದು ಕೇಳಿ ಹೋಗುತ್ತಾಳೆ. ವಾಚಕ ಬಂಧುಗಳ ಮನೆಗಳಲ್ಲಿಯೂ ಹಾಗೊಂದು ಕಿಟಕಿ, ಬಾಟಲಿ ಇದ್ದೀತು. ಈ ಲೇಖನವನ್ನು ಓದಿ ಮುಗಿಸಿದೊಡನೆ ಎದ್ದು ಹೋಗಿ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿರೆಂಬುದು ನಮ್ಮ ವಿನಂತಿ.